ಆಮೆಗೆ ಅಪ್ಪ ಅರ್ಥ ಹೇಳಿದ್ದು

ನನ್ನಪ್ಪನಿಗೆ ಮಾತಿನ ಚಟ ಅಂತ ನಗುವವರು ಈಗಲೂ ಇದ್ದಾರೆ. ಅವರ್ಯಾರೂ ಆ ಮಧ್ಯಾಹ್ನ ಸಾಗರದಲ್ಲಿ ಇರಲಿಲ್ಲ, ಅಷ್ಟೆ.

ಅರವತ್ತರ ದಶಕದ ಕೊನೆ. ನಾನಾಗ ಅಲ್ಲಿನ ಶಾಲೆಯೊಂದರಲ್ಲಿ ಟೀಚರು. ಅಜ್ಜಿಯರು ಹೇಳುವಂಥ ಕಥೆಗಳನ್ನೇ ಚಿತ್ರ ಬರೆದು ಕುಣಿಸಿದ ಕಾರ್ಟೂನ್ ಸಿನಿಮಾಗಳ ಉತ್ಸವ ನಮ್ಮ ಶಾಲೆಯಲ್ಲಿ ನಡೆಯಿತು. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದೆವು. ಹೊಸನಗರ, ತೀರ್ಥಹಳ್ಳಿಯಿಂದೆಲ್ಲ ಜನ ಬಸ್ಸು ಹತ್ತಿ ಬಂದಿದ್ದರು. ಎರಡು ಹಂಸಗಳು ಎತ್ತಿಹಿಡಿದ ಕೋಲನ್ನು ಕಚ್ಚಿಕೊಂಡು ಆಮೆಯೊಂದು ಆಕಾಶದಲ್ಲಿ ಹೋಗುವ ಕಥೆ ಶುರುವಾಯಿತು. ಆದರೆ ಮಾತೆಲ್ಲ ಹಿಂದಿ. ಜನ ಗೊಣಗತೊಡಗಿದರು.

"ಸೌಂಡ್ ನಿಲ್ಸಿ, ಅರ್ಥ ನಾನು ಹೇಳ್ತೀನಿ" ಅಂತ ಅಪ್ಪ ಎದ್ದರು. ತಾಳಮದ್ದಲೆಯಲ್ಲಿ ಪುರಾಣದ ಪಾತ್ರಗಳ ಮಾತನ್ನು ಕೂತಲ್ಲೇ ಕಟ್ಟಿ ಹೇಳುವ ಅರ್ಥಧಾರಿ ಅವರು. ಪರದೆಯಲ್ಲಿ ಊರಿನ ಮಕ್ಕಳು ಆಮೆಯನ್ನು ನೋಡಿ ನಕ್ಕರು. ಅಪ್ಪನ ಆಮೆ ಸುಮ್ಮನಿದ್ದೀತೇ? ಕೂರ್ಮಾವತಾರದಿಂದಲೇ ವಾದ ಎತ್ತಿಕೊಂಡಿತು: "ಮಂದರ ಪರ್ವತವನ್ನೇ ಹೊತ್ತ ಕುಲ ನಮ್ಮದು, ನಿಮ್ಮ ನಗೆಯನ್ನು ಹೊರಲಾರೆವೇ?"

ತಾಳಮದ್ದಲೆಯಲ್ಲಿ ವಾದ ಮುಗಿಯುವ ತನಕ ಯಾರೂ ಸಾಯುವುದಿಲ್ಲ. ಸಿನಿಮಾಕ್ಕೆ ಅದು ಗೊತ್ತಿರಲಿಲ್ಲ. ಉತ್ತರ ಕೊಡಲು ಬಾಯಿಬಿಟ್ಟ ಆಮೆ ಕೆಳಗೆ ಬಿದ್ದೇಬಿಟ್ಟಿತು. ಅಪ್ಪ ಇನ್ನೂ ಅರ್ಧದಲ್ಲಿದ್ದರು.

"ಹಿಂದಕ್ಕೆ ಬಿಡ್ರೀ, ಮಾತು ಮುಗೀಲಿಲ್ಲ!" ಸೇರಿದ್ದ ಜನರೆಲ್ಲ ಕೂಗಿದರು.

ಆಪರೇಟರ್ ರೀಲನ್ನು ಹಿಂದಕ್ಕೆ ತಿರುಗಿಸಿದ. ಮಾತಾಡಿ ಸತ್ತ ಆಮೆ, ನನ್ನಪ್ಪನ ಮಾತಿಗೋಸ್ಕರ ನೆಲದಿಂದೆದ್ದು ಆಕಾಶಕ್ಕೇರಿ ಮತ್ತೆ ಕೋಲು ಕಚ್ಚಿತು.