ಶಂಭುಲಿಂಗನ ಕೀಲಿ

"ನೋಡವಾ ನಿರ್ಮಲಾ, ಕಂಪ್ಯೂಟರಿನ್ಯಾಗ ನಾ ಇಟ್ಟಿದ್ದನ್ನ ಮಂದಿ ಮನಸ್ಸಿಗೆ ಬಂದಂಗ ಬದಲ ಮಾಡಾಕ ಬಂತಂದ್ರ ಅದು ಬರೇ ರೂಢಿ. ಮುಟ್ಟಾಕ ಬರಂಗಿಲ್ಲಂದ್ರ ಕಾನೂನು. ಈ ಕಂಪ್ಯೂಟರ್ ನಡಸೋದು ಲಿನಕ್ಸ್ ಐತಿ! ಪರದೆ ಮ್ಯಾಲಿನ ಚಿತ್ರ, ಅಕ್ಷರದ ಅಳತಿ, ಎಲ್ಲಾ ಕಂಪ್ಯೂಟರಿಗೂ ಒಂದ ಕೀಲಿ ಹಾಕೇನಿ. ಸಾಹುಕಾರ್ರು ಕುಂತ್ರೂ ಅಷ್ಟ, ನೀ ಕುಂತ್ರೂ ಅಷ್ಟ."

ಬ್ಯಾಡಗಿಯ ಆ ಮೆಣಸಿನಕಾಯಿ ದಲಾಲಿ ಅಂಗಡಿಯ ಕಂಪ್ಯೂಟರುಗಳಿಗೆ ಶಂಭುಲಿಂಗನೇ ಒಡೆಯ. ರಾಣೇಬೆನ್ನೂರಿನಲ್ಲಿ ಕಲಿತ ವಿದ್ಯೆಯೆಲ್ಲ ಕೀಲಿ ಹಾಕುವುದಕ್ಕೇ ಖರ್ಚಾಗಿತ್ತು. ಅಲ್ಲಿ ಲೆಕ್ಕ ಏರಿಸುವ ನಿರ್ಮಲಾ ಕೇಳಿದ್ದು ಅಕ್ಷರ ತುಸು ದೊಡ್ಡದಾಗಲಿ ಎಂದಷ್ಟೇ. ಘಾಟಿಗೆ ಕಣ್ಣು ತುಂಬಿ, ಸಣ್ಣ ಅಕ್ಷರ ಕಾಣದೆ ಒಬ್ಬ ರೈತನ ಚೀಲಗಳನ್ನು ಇನ್ನೊಬ್ಬನ ಹೆಸರಿಗೆ ಏರಿಸಿದ್ದಳು. ಮತ್ತೊಮ್ಮೆ ತಪ್ಪಿದರೆ ಮನೆಗೆ ಹೋಗು ಎಂದಿದ್ದ ಸಾಹುಕಾರ ಗೋಣೆಪ್ಪ.

"ಕಾನೂನು ಅಂದ್ರ ಕಾನೂನು," ಎಂದು ಶಂಭುಲಿಂಗ ಮೀಸೆ ತಿರುವಿದ.

ಮಧ್ಯಾಹ್ನ ಗೋಣೆಪ್ಪನೇ ಬಂದು ಒಂದು ಕಂಪ್ಯೂಟರಿನ ಮುಂದೆ ಕುಳಿತ. ಪರದೆಗೆ ಮೂಗು ತಾಗಿಸಿ, "ಏನಲೇ ಇದು, ಇರುವಿ ಸಾಲು ಬಿಟ್ಟೀಯೇನು?" ಎಂದು ಗದರಿದ. ಶಂಭುಲಿಂಗನ ಕಾನೂನು ಬೆಣ್ಣೆಯಾಯಿತು. ಲಗುಬಗೆಯಿಂದ ಅಕ್ಷರ ಹಿಗ್ಗಿಸಿದ. ಕೀಲಿ ಎಲ್ಲರಿಗೂ ಒಂದೇ ಆದ್ದರಿಂದ ನಿರ್ಮಲಾಳ ಪರದೆಯಲ್ಲೂ ಅಕ್ಷರಗಳು ಉಬ್ಬಿದವು.

"ಈಗ ಗಟ್ಟ್ಯಾಗಿ ಕೀಲಿ ಹಾಕ್ರಿ, ಅಣ್ಣಾರ," ಎನ್ನುತ್ತ ಅವಳು ಕೀಬೋರ್ಡಿನ ಮೇಲಿನ ಮೆಣಸಿನ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು.