ಕೇಪಬಲ್ ಅಂದರೆ ಯಾವುದಕ್ಕೆ?

ಇವತ್ತು ಮೊಮ್ಮಗಳು ಫೋನಿನಲ್ಲಿ ಯಾರನ್ನೋ ‘ಕೇಪಬಲ್’ ಎಂದು ಹೊಗಳುತ್ತಿದ್ದಳು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಆದರೂ ಆ ಶಬ್ದ ನನಗೆ ಗೊತ್ತು.

ನಾನಿನ್ನೂ ಹುಡುಗಿಯಾಗಿದ್ದಾಗ ತಿಕೋಟಾದ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಬಲೇಶ್ವರದವರು ಬಂದಿದ್ದರು. ಚಿಕ್ಕಂದಿನಲ್ಲಿ ಮುರಿದ ಅಕ್ಕನ ಬಲಗೈ ಸೊಟ್ಟಗೆ ಕೂಡಿತ್ತು. ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಅದಕ್ಕೇ ಎರಡು ಸಂಬಂಧ ತಪ್ಪಿದ್ದವು. ಈ ಸಲ ಅವ್ವ ಪಕ್ಕದ ಮನೆಯವಳಿಂದ ರೊಟ್ಟಿ ಮಾಡಿಸಿ, ಅಕ್ಕನೇ ಮಾಡಿದ್ದೆಂದು ಬಡಿಸಿದಳು.

ವರನ ಸೋದರಮಾವ ಕಚೇರಿ ಕೆಲಸದವನು. ರೊಟ್ಟಿ ಮುರಿಯುತ್ತ, “ಹುಡುಗಿ ಕೇಪಬಲ್ ಅದಾಳ ಬಿಡ್ರಿ” ಎಂದ.

ನನಗೆ ತಡೆಯಲಾಗಲಿಲ್ಲ. “ಹಂಗಂದ್ರ ಏನ್ರಿ ಕಾಕಾ?”

“ಇಂಗ್ಲಿಷ್ ಅದು. ಕೈಲೆ ಆಗತೈತಿ ಅಂತ.”

“ಏನು ಆಗತೈತ್ರಿ?”

“ಸುಮ್ಮ ಕೂಡ ಬೇ” ಎಂದು ಅವ್ವ ನನ್ನ ತೊಡೆ ಚಿವುಟಿದಳು.

ಆತ ನಕ್ಕ. “ರೊಟ್ಟಿ ಬಡಿಯಾಕ ಆಗತೈತಿ. ಮತ್ತೇನು?”

ಅಕ್ಕ ತಲೆ ಎತ್ತಿದಳು. “ಅದೊಂದು ನನ್ನ ಕೈಲೆ ಆಗಂಗಿಲ್ರಿ. ಇವು ಬಾಜೂ ಮನಿ ಕಾಕು ಬಡದಿದ್ದು. ಹೊಲಿಗಿ ಆಗತೈತಿ. ಸುಳ್ಳು ಹೇಳೂದೂ ಆಗಂಗಿಲ್ಲ.”

ಮಾವ ತಾಟು ಸರಿಸಿ ಎದ್ದ. ವರ ಮಾತ್ರ ಏಳಲಿಲ್ಲ.

“ಕೂಡ್ರಿ ಮಾಮಾ. ವಿಜಾಪುರದಾಗ ಬಾಡಿಗಿ ಖೋಲಿ ಮಾಡಿದಾಗಿಂದ ನಾನ ಬಡಕೊಂಡು ತಿನ್ನಾಕತ್ತೇನಿ. ರೊಟ್ಟಿಗೆ ನಾ ಕೇಪಬಲ್ ಅದೀನಿ.”

ಈಗಲೂ ಅಕ್ಕನ ಮನೆಯಲ್ಲಿ ಭಾವನೇ ರೊಟ್ಟಿ ಬಡಿಯುತ್ತಾರೆ. ದಪ್ಪ, ಅಂಚೆಲ್ಲ ಸೀಳು. ಇಷ್ಟು ವರ್ಷವಾದರೂ ನೆಟ್ಟಗೆ ಬಂದಿಲ್ಲ. ಎಲ್ಲದಕ್ಕೂ ಬೈಯುವ ನಾನು ಅವನ್ನು ಮಾತ್ರ ಬಾಯಿ ಮುಚ್ಚಿಕೊಂಡು ತಿನ್ನುತ್ತೇನೆ.