ಗೋಡೆ ಡಾಕ್ಟರು

ಬೀದಿಯವರು ಅವಳಿಗೆ ಗೋಡೆ ಡಾಕ್ಟರು ಎಂದು ಹೆಸರಿಟ್ಟಿದ್ದರು. ಓದಿದ್ದು ಪರಿಸರ ವಿಜ್ಞಾನ, ಕೆಲಸ ಊರಾಚೆಯ ಸಂಶೋಧನಾ ಕೇಂದ್ರದಲ್ಲಿ, ಡಾಕ್ಟರೇಟ್ ಪಡೆದದ್ದೂ ನಿಜವೇ. ಆದರೆ ಭೂತಗನ್ನಡಿ ಹಿಡಿದು ಕಂಡವರ ಕಾಂಪೌಂಡಿಗೆ ಮೂಗು ತಾಗಿಸಿ ನಿಲ್ಲುವ ಹೆಂಗಸನ್ನು ಜನ ಇನ್ನೇನೆಂದು ಕರೆದಾರು? "ಗೋಡೆಗೆ ಜ್ವರ ಎಷ್ಟಿದೆಯಮ್ಮ?" ಎಂದು ಮೂಲೆಮನೆಯ ಅಜ್ಜ ಕೇಳಿದರೆ, "ಗೋಡೆ ಗಟ್ಟಿಮುಟ್ಟಾಗಿದೆ ತಾತ, ನಿಮ್ಮ ಕೆಮ್ಮಿಂದೇ ಚಿಂತೆ" ಎನ್ನುತ್ತಿದ್ದಳು.

ಅವಳು ಹುಡುಕುತ್ತಿದ್ದುದು ಕಲ್ಲುಹೂವನ್ನು. ಬಂಡೆ, ಗೋಡೆ, ಮರದ ತೊಗಟೆಯ ಮೇಲೆ ಬೂದುಹಸಿರು ಬಿಲ್ಲೆಗಳಾಗಿ ಹಬ್ಬುತ್ತದಲ್ಲ, ಅದೇ. ಅದಕ್ಕೆ ಬೇರು ಎಂಬುದಿಲ್ಲ, ಗಾಳಿ ತಂದುಕೊಟ್ಟದ್ದೇ ಊಟ. ಗಾಳಿ ಕೆಟ್ಟರೆ ಎಲ್ಲರಿಗಿಂತ ಮೊದಲು ಸಾಯುವುದೂ ಅದೇ. ಊರಿನ ಹೊಗೆ ಕಡಿಮೆಯಾದ ಮೇಲೆ ಅದು ಎಲ್ಲೆಲ್ಲಿ ಮರಳಿ ಬರುತ್ತದೆಂದು ನೋಡುವುದು ಅವಳ ಕೆಲಸ. ಸಂಬಳಕ್ಕೆ ಮಾಡುವ ಕೆಲಸ ಎಂದರೆ ಅರ್ಧ ಸುಳ್ಳು. ಹುಟ್ಟುಗುಣ ಸುಟ್ಟರೂ ಹೋಗದು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ, ಹೊಲಿಗೆ ಮಿಷನ್ನು ತುಳಿಯುತ್ತಲೇ, "ಈ ಹುಡುಗಿಗೆ ಅನ್ನ ಹಾಕದಿದ್ರೂ ಬದುಕ್ತಾಳೆ, ‘ಯಾಕೆ’ ಅಂತ ಕೇಳೋಕೆ ಬಿಡದಿದ್ರೆ ಸತ್ತೇಹೋಗ್ತಾಳೆ" ಎಂದು ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದಳು.

ನಾಲ್ಕು ವರ್ಷಗಳಿಂದ ಅವಳು ಗುರುತು ಮಾಡಿದ ಗೋಡೆಗಳಲ್ಲಿ ಚಿಕ್ಕಮ್ಮನ ಮನೆಯದೂ ಒಂದು. ತಿಂಗಳ ಮೊದಲ ಶನಿವಾರ ಬಂದು, ಎದೆಮಟ್ಟದಲ್ಲಿ ಬಣ್ಣದಿಂದ ಬರೆದ ಚೌಕದ ಫೋಟೋ ತೆಗೆದು, ಚಹಾ ಕುಡಿದು ಹೋಗುವುದು ರೂಢಿ. ಬೇರೆ ಗೋಡೆಗಳ ಮೇಲೆಲ್ಲ ಕಲ್ಲುಹೂವು ಹಬ್ಬುತ್ತಿತ್ತು. ಚಿಕ್ಕಮ್ಮನ ಗೋಡೆ ಮಾತ್ರ ಬೋಳು. ಬೀದಿಯಾಚೆ ಎದುರಿಗೇ, ಕಬ್ಬಿಣದ ಗೇಟಿನ ಹಿಂದೆ, ಲಾಂಡ್ರಿ. ಅದರ ಬಾಯ್ಲರಿನ ಚಿಮಣಿ ನೇರ ಆ ಗೋಡೆಗೇ ಮುಖ ಮಾಡಿತ್ತು. ಇನ್ನೇನು ಬೇಕು? ಗೋಡೆಯ ಫೋಟೋಗಳನ್ನೇ ನಂಬಿ ಮಾಲಿನ್ಯ ನಿಯಂತ್ರಣ ಕಚೇರಿಯವರು ಲಾಂಡ್ರಿಯನ್ನು ಮುಚ್ಚಿಸಲು ಹೊರಟಿದ್ದರು. ಸೋಮವಾರ ವಿಚಾರಣೆ. ಇಸ್ತ್ರಿ ಹಾಕುವವರು, ಗಾಡಿಯವರು ಸೇರಿ ಅಲ್ಲಿ ಹದಿನೈದು ಜನರ ಅನ್ನ. ಲಾಂಡ್ರಿ ಮಾಲೀಕ ಅವಳನ್ನು ಕಂಡರೆ ಈಗ ಮುಖ ತಿರುಗಿಸುತ್ತಿದ್ದ. ಅದು ಅವಳಿಗೆ ನೋಯುತ್ತಿತ್ತು, ಆದರೆ ಸಾಕ್ಷಿ ಸಾಕ್ಷಿಯೇ ಅಲ್ಲವೇ?

ವಿಚಾರಣೆಯ ಕಡತ ಬೇಗ ಬೇಕೆಂದು ಕಚೇರಿಯವರು ಅವಸರ ಮಾಡಿದ್ದರಿಂದ ಆ ತಿಂಗಳು ಅವಳು ಒಂದು ದಿನ ಮೊದಲೇ, ಶುಕ್ರವಾರವೇ ಬಂದಳು. ಬಟ್ಟೆಯ ಗಾಡಿ ಒಳಗೆ ಹೋಗಲೆಂದು ಸದಾ ಮುಚ್ಚಿರುವ ಲಾಂಡ್ರಿಯ ಗೇಟು ಅಂದು ಅಗಲವಾಗಿ ತೆರೆದಿತ್ತು. ಅಂಗಳದಲ್ಲಿ, ಚಿಮಣಿಯ ಬುಡದಲ್ಲೇ ಎನ್ನುವಂತೆ, ಒಂದು ಹಳೆಯ ಮರ. ಅದರ ಕಾಂಡದ ತುಂಬ ಅಂಗೈಯಗಲದ ಕಲ್ಲುಹೂವು!

ಅವಳು ನಿಂತಲ್ಲೇ ನಿಂತಳು. ಹೊಗೆ ತನ್ನ ಪಕ್ಕದ ಮರವನ್ನು ಮುಟ್ಟದೆ, ಬೀದಿ ದಾಟಿ ಬಂದು ಚಿಕ್ಕಮ್ಮನ ಗೋಡೆಯನ್ನೇ ಹುಡುಕಿಕೊಂಡು ಕೊಲ್ಲುತ್ತದೆಯೇ? ಅಂಥ ಹಗೆ ಹೊಗೆಗೆಲ್ಲಿಂದ ಬರಬೇಕು? ತಲೆಯೊಳಗೆ ಹುಳ ಬಿಟ್ಟಂತಾಯಿತು. ಸುಣ್ಣದ ಗುಣವೋ, ಬಿಸಿಲಿನ ದಿಕ್ಕೋ ಎಂದು ಯೋಚಿಸುತ್ತಲೇ ಬೀದಿ ದಾಟಿದಳು.

ಗೋಡೆಯ ಮುಂದೆ ಸ್ಟೂಲು. ಸ್ಟೂಲಿನ ಮೇಲೆ ಸೆರಗು ಸಿಕ್ಕಿಸಿಕೊಂಡ ಚಿಕ್ಕಮ್ಮ. ಒಂದು ಕೈಯಲ್ಲಿ ನಾರಿನ ಬ್ರಷ್ಷು, ಕೆಳಗೆ ಸೋಪಿನ ನೀರಿನ ಬಕೆಟ್ಟು.

"ಅಯ್ಯೋ! ನಾಳೆ ತಾನೇ ನೀನು ಬರೋದು?" ಚಿಕ್ಕಮ್ಮ ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಬ್ರಷ್ಷನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಏನ್ಮಾಡ್ತಿದ್ದೀಯ ಚಿಕ್ಕಮ್ಮ?"

"ಇನ್ನೇನು, ತೊಳೀತಿದ್ದೀನಿ. ನೀನು ಫೋಟೋ ತೆಗೆದು ದೊಡ್ಡ ದೊಡ್ಡವರಿಗೆಲ್ಲ ತೋರಿಸ್ತೀಯಂತೆ. ನಮ್ಮ ಗೋಡೆ ಕೊಳಕಾಗಿದ್ರೆ ನಿನಗೇ ಅವಮಾನ ಅಲ್ವಾ?"

"ಪ್ರತಿ ತಿಂಗಳೂ ತೊಳೀತೀಯಾ?"

"ಮತ್ತೆ! ಒಂದು ತಿಂಗಳೂ ತಪ್ಪಿಸಿಲ್ಲ."

ಅವಳು ಮೆಲ್ಲಗೆ ತಲೆಯೆತ್ತಿದಳು. ಸ್ಟೂಲು ಹತ್ತಿ ಚಾಚಿದ ಚಿಕ್ಕಮ್ಮನ ಕೈ ಎಲ್ಲಿಯವರೆಗೆ ಎಟುಕುವುದೋ ಅಲ್ಲಿಯವರೆಗೆ ಗೋಡೆ ಬೋಳು. ಅದರ ಮೇಲೆ, ಸೂರಿನವರೆಗೂ, ಬೂದುಹಸಿರು ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡು ಬೆಳೆದಿದ್ದವು. ಎದೆಮಟ್ಟದ ಚೌಕಕ್ಕೇ ಕಣ್ಣು ನೆಟ್ಟವಳು ಇಷ್ಟು ವರ್ಷ ಒಮ್ಮೆಯೂ ಮೇಲೆ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆಯೇ? ಅವಳಿಗೆ ನಗು ಬಂತು, ಬೆನ್ನಿಗೇ ವಿಚಾರಣೆ ನೆನಪಾಗಿ ನಗು ನಿಂತಿತು. ಸೋಮವಾರ ಹದಿನೈದು ಜನರನ್ನು ಬೀದಿಗೆ ತಳ್ಳಲಿದ್ದದ್ದು ಸೋಪಿನ ನೀರು.

ವಿಷಯ ತಿಳಿದ ಚಿಕ್ಕಮ್ಮ ಸ್ಟೂಲಿನ ಮೇಲೇ ಕುಸಿದು ಕೂತಳು. "ನಿನ್ನ ಕೆಲಸ ನಾನೇ ಹಾಳು ಮಾಡಿದೆನಲ್ಲೇ!"

"ನೀನು ಗೋಡೆ ತೊಳೆದೆ ಅಷ್ಟೇ. ಬರೋ ದಿನ ಹೇಳಿ ಬರ್ತಿದ್ದವಳು ನಾನು" ಎಂದಳು ಅವಳು. ಅಳಬೇಕೆನಿಸಿದರೂ ಅಳಲಿಲ್ಲ.

ಸೋಮವಾರ ಅಧಿಕಾರಿಗಳ ಮುಂದೆ ಅದನ್ನೇ ಹೇಳಿದಳು. ಚಿಕ್ಕಮ್ಮನ ಗೋಡೆಯ ಫೋಟೋಗಳನ್ನೆಲ್ಲ ವಾಪಸು ತೆಗೆದುಕೊಳ್ಳುತ್ತೇನೆ, ಲಾಂಡ್ರಿಯಿಂದ ಗಾಳಿ ಕೆಟ್ಟಿತೆಂಬುದಕ್ಕೆ ನನ್ನ ಬಳಿ ಸಾಕ್ಷಿಯಿಲ್ಲ ಎಂದಳು. ಆ ಗೋಡೆಯ ಮಟ್ಟಿಗೆ ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲಾಂಡ್ರಿಯವನು ನಗಲಿಲ್ಲ. ಮುಚ್ಚುವ ಮಾತು ಬಿಟ್ಟು, ಹೊಸದಾಗಿ ಪರೀಕ್ಷೆ ನಡೆಯಲಿ ಎಂದು ತೀರ್ಮಾನವಾದಾಗ ಅವನು ಎದ್ದು ಬಂದು, "ಗೇಟು ತೆರೆದೇ ಇಡ್ತೀನಿ ಮೇಡಂ, ಯಾವಾಗ ಬೇಕಾದ್ರೂ ಬಂದು ನೋಡಿ" ಎಂದ.

ಸಂಜೆ ಅವಳು ಚಿಕ್ಕಮ್ಮನ ಗೋಡೆಯ ಮೇಲೆ ಹೊಸ ಚೌಕ ಬರೆದಳು.

"ಇನ್ಮೇಲೆ ಈ ಗೋಡೆ ಮುಟ್ಟಬಾರದು ಚಿಕ್ಕಮ್ಮ. ನಾನೂ ಬರೋ ದಿನ ಮೊದ್ಲೇ ಹೇಳೋದಿಲ್ಲ."

"ಹೇಳದೇನೇ ಬರ್ತೀಯಾ?"

"ಹ್ಞೂಂ. ಯಾವತ್ತು ಬರ್ತೀನಿ ಅಂತ ಯಾರಿಗೂ ಗೊತ್ತಾಗಬಾರದು. ಅದೇ ಸರಿಯಾದ ಪದ್ಧತಿ."

ಚಿಕ್ಕಮ್ಮ ಸೂಜಿಗೆ ದಾರ ಪೋಣಿಸಿ ಗಂಟು ಹಾಕಿದಳು.

"ಆಯ್ತು ಬಿಡು. ಇಷ್ಟು ದಿನ ತಿಂಗಳಿಗೊಂದು ದಿನ ಕಾಯ್ತಿದ್ದೆ. ಇನ್ಮೇಲೆ ದಿನಾ ಕಾಯ್ತೀನಿ."